ನೇತ್ರಾಣಿಯ ಹದ್ದುಗಳು

ಹೆಗ್ಗನಹಳ್ಳಿಯಲ್ಲಿ ಮಾಳಿಗೆಯೇರಿ ನಿಂತರೆ ಪೀಣ್ಯದ ಕಾರ್ಖಾನೆಗಳ ಮೇಲೆ ಹದ್ದುಗಳು ಕವಲುಬಾಲವನ್ನು ತಿರುವುತ್ತ ತೇಲುವುದು ಕಾಣುತ್ತದೆ. ಹಕ್ಕಿ ನೋಡುವ ಚಪಲ ನನಗೆ ಹತ್ತಿದ್ದು ಅಲ್ಲಿಯೇ. ಒಂದು ಮಾಗಿಯ ಮುಂಜಾನೆ ಅದು ನನ್ನನ್ನು ಮುರ್ಡೇಶ್ವರದಿಂದ ದೋಣಿಯೇರಿಸಿ ನೇತ್ರಾಣಿಗೆ ಒಯ್ದಿತು. ದೂರ ಸುಮಾರು 19 ಕಿಲೋಮೀಟರು, ಗಾಳಿ ಎದುರು. ಹೊಟ್ಟೆ ತೊಳಸಿತೆಂಬುದನ್ನು ಮುಚ್ಚಿಡಲಾರೆ.

ಕಡಿದಾದ ಬಂಡೆ, ಅದರ ಮೇಲೆ ಕಾಡು. ಇಳಿಯದೆ ದೋಣಿಯಲ್ಲಿಯೇ ಸುತ್ತಿದೆವು. ಮೊದಲು ಕಂಡದ್ದು ಬರಿಯ ನೆರಳು. ತಲೆಯೆತ್ತಿದರೆ, ರೆಕ್ಕೆಗಳನ್ನು ಮೇಲಕ್ಕೆ ಬಾಗಿಸಿ ಗಾಳಿಗೇ ಒರಗಿ ನಿಂತಂತಿದ್ದ ಬಿಳಿಹೊಟ್ಟೆಯ ಕಡಲಹದ್ದು! ಮೀನಷ್ಟೇ ಅಲ್ಲ, ಕಡಲಹಾವೂ ಇದಕ್ಕೆ ಆಹಾರ. ಎತ್ತರದ ಮರದಲ್ಲಿ ಕಡ್ಡಿಗಳ ಅಟ್ಟಣೆ ಕಟ್ಟಿ, ವರ್ಷವರ್ಷವೂ ಅದನ್ನೇ ಬಲಪಡಿಸಿ ಮರಿಮಾಡುತ್ತದೆ. ಮರ ಉರುಳಿದರೆ ಅಷ್ಟು ವರ್ಷಗಳ ಮನೆಯೂ ಉರುಳಿದಂತೆ.

1875ರಲ್ಲಿ ಎ. ಓ. ಹ್ಯೂಮ್ ಮಹಾಶಯರು—ಹತ್ತು ವರ್ಷಗಳ ತರುವಾಯ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದವರೇ—ಇಲ್ಲಿಗೆ ಬಂದು ಈ ಹದ್ದುಗಳನ್ನು ಕುರಿತು ಬರೆದರು. ನಮ್ಮ ಕಾಲದಲ್ಲಿ ನೌಕಾಪಡೆ ಇದೇ ದ್ವೀಪವನ್ನು ಗುಂಡಿನ ಗುರಿಯಾಗಿ ಬಳಸಿತು. ದೇಶರಕ್ಷಣೆಗೆ ಅಭ್ಯಾಸ ಬೇಕು, ನಿಜ. ಗೂಡುಗಳಿರುವ ಬಂಡೆಯೇ ಏಕೆ ಬೇಕಾಯಿತೋ!

ಹಿಂದಿರುಗುವಾಗ ಹದ್ದೊಂದು ನೀರಿಗೆ ಕಾಲುಚಾಚಿ, ಮೀನನ್ನೆತ್ತಿಕೊಂಡು ಕಾಡಿನತ್ತ ಹಾರಿತು. ಗೂಡು ಯಾವ ಮರದಲ್ಲಿತ್ತೋ, ದೋಣಿಯ ಹೊಯ್ದಾಟದಲ್ಲಿ ದುರ್ಬೀನಿಗೆ ಸಿಗಲಿಲ್ಲ.