ಆರೋಪಕ್ಕೆ ಪ್ರೈಮ್ ಟೈಮ್, ಸ್ಪಷ್ಟನೆಗೆ ಸ್ಕ್ರಾಲ್

ಪುಣೆಯಿಂದ ನಗರ ರಸ್ತೆ ಹಿಡಿದು ಸುಮಾರು 30 ಕಿಲೋಮೀಟರ್ ಹೋದರೆ ಭೀಮಾ ನದಿಯ ದಂಡೆಯಲ್ಲಿ ಕೋರೆಗಾಂವ್ ಸಿಗುತ್ತದೆ. 2018ರ ಜನವರಿ 1ರಂದು ಅಲ್ಲಿನ ವಿಜಯಸ್ತಂಭಕ್ಕೆ ನಮಿಸಲು ದಲಿತರು ಸೇರಿದ್ದಾಗ ಹಿಂಸಾಚಾರ ನಡೆದು ಒಬ್ಬ ಯುವಕ ಸತ್ತ. ಅದರ ಬೆನ್ನಿಗೇ ಎರಡು ಎಫ್‌ಐಆರ್ ದಾಖಲಾದವು. ಜನವರಿ 2ರದು ಹಿಂದುತ್ವ ಸಂಘಟನೆಗಳ ಇಬ್ಬರು ಮುಖಂಡರ ವಿರುದ್ಧ. ಜನವರಿ 8ರಂದು ಪುಣೆಯ ವಿಶ್ರಾಮಬಾಗ್ ಠಾಣೆಯಲ್ಲಿ ದಾಖಲಾದದ್ದು, ಘಟನೆಯ ಮುನ್ನಾದಿನ ಶನಿವಾರವಾಡದಲ್ಲಿ ಎಲ್ಗಾರ್ ಪರಿಷತ್ ಎಂಬ ಸಭೆ ನಡೆಸಿದವರ ವಿರುದ್ಧ.

ದೊಡ್ಡ ವಾಹಿನಿಗಳ ರಾತ್ರಿ ಚರ್ಚೆಗಳನ್ನು ತಿಂಗಳುಗಟ್ಟಲೆ ಆಳಿದ್ದು ಎರಡನೆಯದು. ಜೂನ್ ತಿಂಗಳಲ್ಲಿ ಮೊದಲ ಬಂಧನಗಳಾದ ಕೂಡಲೇ, ಪ್ರಧಾನಿ ಹತ್ಯೆಯ ಸಂಚಿನದೆನ್ನಲಾದ ಪತ್ರ ಪರದೆಯ ಮೇಲೆ ಬಂತು. ಜುಲೈ 4ರಂದು ರಿಪಬ್ಲಿಕ್ ಟಿವಿ, ವಕೀಲೆ ಸುಧಾ ಭಾರದ್ವಾಜ್ ಅವರದೆನ್ನಲಾದ ಪತ್ರವೊಂದನ್ನು ತೋರಿಸಿತು. ಅದು ಕಟ್ಟುಕಥೆ ಎಂದು ಆಕೆ ಹೇಳಿದರು. ಎರಡು ತಿಂಗಳು ತುಂಬುವ ಮೊದಲೇ ಅವರ ಬಂಧನವೂ ಆಯಿತು. ಆಗಸ್ಟ್ 31ರಂದು ಪೊಲೀಸ್ ಅಧಿಕಾರಿಗಳೇ ಪತ್ರಿಕಾಗೋಷ್ಠಿಯಲ್ಲಿ ಕೂತು ಪತ್ರಗಳನ್ನು ಓದಿದರು. ಪ್ರಕರಣ ನ್ಯಾಯಾಲಯದ ಮುಂದಿರುವಾಗ ಇದೇಕೆ ಎಂದು ಬಾಂಬೆ ಹೈಕೋರ್ಟ್ ಕೇಳಿತು. ವಿಶೇಷ ತನಿಖೆ ಬೇಕಿಲ್ಲ ಎಂದು ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಬಂತು. ಭಿನ್ನಮತ ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಪೊಲೀಸರು ತನಿಖೆಯ ವಿವರಗಳನ್ನು ಆಯ್ದು ಆಯ್ದು ಮಾಧ್ಯಮಗಳಿಗೆ ಬಿಡುತ್ತಿದ್ದುದನ್ನು ಕಟುವಾಗಿ ಟೀಕಿಸಿದರು.

2021ರ ಫೆಬ್ರವರಿಯಲ್ಲಿ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ, ಆರೋಪಿಯೊಬ್ಬರ ಲ್ಯಾಪ್‌ಟಾಪಿನಲ್ಲಿದ್ದ ಪತ್ರಗಳನ್ನು ಹ್ಯಾಕರ್ ಒಬ್ಬ ಹೊರಗಿನಿಂದ ಸೇರಿಸಿದ್ದ ಎಂದು ವರದಿ ಕೊಟ್ಟಿತು. ಪ್ರಕರಣವನ್ನು ಆಮೇಲೆ ವಹಿಸಿಕೊಂಡ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಅದನ್ನು ಒಪ್ಪಿಲ್ಲ. ಯಾರು ಸರಿ ಎಂಬುದನ್ನು ನ್ಯಾಯಾಲಯ ಹೇಳಲಿ. ನನ್ನ ಚಿಂತೆ ಬೇರೆ: ಆ ವರದಿ ನಾಳೆ ನಿಜವೆಂದು ಸಾಬೀತಾದರೂ, 2018ರಲ್ಲಿ ಟಿವಿ ನೋಡಿದವರ ಮನಸ್ಸು ಬದಲಾಗುವುದೇ?

ಸಂಶೋಧನೆ ಹೇಳುವುದು ನಿರಾಶೆಯ ಮಾತು. 1994ರಲ್ಲಿ ಜಾನ್ಸನ್ ಮತ್ತು ಸೈಫರ್ಟ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಗೋದಾಮಿಗೆ ಬೆಂಕಿ ಬಿದ್ದ ಸುದ್ದಿಯನ್ನು ಬಿಡಿ ಬಿಡಿ ಸಂದೇಶಗಳಾಗಿ ಜನರಿಗೆ ಓದಿಸಿದರು. ಕೋಣೆಯೊಂದರಲ್ಲಿ ಬಣ್ಣದ ಡಬ್ಬಿ, ಗ್ಯಾಸ್ ಸಿಲಿಂಡರ್ ಇದ್ದವು ಎಂದು ಮೊದಲು ಬಂತು. ಅದು ತಪ್ಪು, ಕೋಣೆ ಖಾಲಿಯಿತ್ತು ಎಂದು ಆಮೇಲೆ ತಿದ್ದಲಾಯಿತು. ತಿದ್ದುಪಡಿ ಓದಿದ್ದೇವೆಂದು ಒಪ್ಪಿಕೊಂಡವರೇ, ಹೊಗೆ ಏಕೆ ಅಷ್ಟಿತ್ತು ಎಂದು ಕೇಳಿದಾಗ ಬಣ್ಣ, ಸಿಲಿಂಡರಿನ ಕಡೆಗೇ ಬೆರಳು ತೋರಿಸಿದರು. ಅದೂ ಒಂದೇ ಒಂದು ಸಲ ಓದಿದ ಸುಳ್ಳಿನ ಪರಿಣಾಮ. ಪದೇ ಪದೇ ಕಿವಿಗೆ ಬಿದ್ದ ಹೇಳಿಕೆ ಹೆಚ್ಚು ನಿಜವೆನಿಸುತ್ತದೆ ಎಂಬುದು 1977ರಿಂದಲೇ ಗೊತ್ತಿರುವ ಸಂಗತಿ. ಹಾಗಿರುವಾಗ ಎಷ್ಟೋ ರಾತ್ರಿ ದೊಡ್ಡ ಗಂಟಲಿನಲ್ಲಿ ಕೂಗಿದ್ದನ್ನು, ಪರದೆಯ ತಳದಲ್ಲಿ ಓಡುವ ಒಂದು ಸಾಲು ಅಳಿಸೀತು ಹೇಗೆ?

ಸುಳ್ಳು ಹೇಳಲೇಬೇಕೆಂದೂ ಇಲ್ಲ, ಬಿಟ್ಟರೆ ಸಾಕು. 2020ರ ಸೆಪ್ಟೆಂಬರಿನಲ್ಲಿ ಬ್ರೂಕ್‌ಮನ್ ಮತ್ತು ಕಲ್ಲಾ ಎಂಬ ಅಮೆರಿಕದ ಸಂಶೋಧಕರು, ಬಲಪಂಥೀಯ ಒಲವಿನ ಫಾಕ್ಸ್ ನ್ಯೂಸ್ ವಾಹಿನಿಯನ್ನು ನಿಯಮಿತವಾಗಿ ನೋಡುವ ಕೆಲವರಿಗೆ ಗಂಟೆಗೆ 15 ಡಾಲರ್ ಕೊಟ್ಟು ಸಿಎನ್‌ಎನ್ ನೋಡಿಸಿದರು. ತಿಂಗಳೊಳಗೆ ಅವರ ತಿಳಿವಳಿಕೆಯೂ ಕೆಲವು ಅಭಿಪ್ರಾಯಗಳೂ ಬದಲಾದವು. ತಮ್ಮ ವಾಹಿನಿ ಏನನ್ನು ಮುಚ್ಚಿಡುತ್ತದೆ ಎಂಬುದೂ ಕಣ್ಣಿಗೆ ಬಿತ್ತು. ಹಣ ನಿಂತ ಮೇಲೆ ಹಳೆಯ ವಾಹಿನಿಗೆ ಮರಳಿದರು, ಬದಲಾವಣೆಯೂ ಬಹುಪಾಲು ಕರಗಿತು. ಕೋರೆಗಾಂವಿನ ಮೊದಲ ಎಫ್‌ಐಆರ್ ಬಗ್ಗೆ ಕೇಳಿಯೇ ಇಲ್ಲದ ವೀಕ್ಷಕರು ಎಷ್ಟಿರಬಹುದು, ಊಹಿಸಿ.

ಇದರ ಬೆಲೆ ಮತಪೆಟ್ಟಿಗೆಯಲ್ಲೂ ಕಾಣುತ್ತದೆ. ಫಾಕ್ಸ್ ನ್ಯೂಸ್ ಕೇಬಲ್ಲಿಗೆ ಬಂದ ಊರುಗಳಲ್ಲಿ 1996ರಿಂದ 2000ದ ನಡುವೆ ರಿಪಬ್ಲಿಕನ್ ಮತ ಶೇ 0.4ರಿಂದ 0.7ರಷ್ಟು ಏರಿತೆಂದು ಡೆಲ್ಲವಿನ್ಯಾ ಮತ್ತು ಕ್ಯಾಪ್ಲನ್ 2007ರಲ್ಲಿ ತೋರಿಸಿದರು. ಇದು ಅಲ್ಪವೆನಿಸಬಹುದು. ಆದರೆ ಲಕ್ಷ ಮತ ಬಿದ್ದ ಕ್ಷೇತ್ರದಲ್ಲಿ ಅರ್ಧ ಶೇಕಡಾ ಎಂದರೆ 500 ಮತ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ನಿರ್ಧಾರವಾದದ್ದು 16 ಮತಗಳಲ್ಲಿ. 2024ರಲ್ಲಿ ಮುಂಬೈ ವಾಯವ್ಯ ಲೋಕಸಭಾ ಕ್ಷೇತ್ರದ್ದು 48ರಲ್ಲಿ. ಯಾವ ಪಕ್ಷಕ್ಕೆ ಲಾಭ ಎಂಬುದು ವಾಹಿನಿಯ ಒಡೆಯ ಯಾರು ಎನ್ನುವುದರ ಮೇಲೆ ನಿಂತಿದೆ. ತಮಿಳುನಾಡು, ಆಂಧ್ರಗಳಲ್ಲಿ ರಾಜಕೀಯ ಕುಟುಂಬಗಳ ವಾಹಿನಿಗಳು ಹಿಂದಿನಿಂದಲೂ ಇವೆ, ಕರ್ನಾಟಕವೂ ಹೊರತಲ್ಲ. ರಾಜಕೀಯ ಪಕ್ಷಗಳನ್ನು ಪ್ರಸಾರ ಕ್ಷೇತ್ರದಿಂದ ದೂರವಿಡಬೇಕೆಂದು ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2014ರ ಆಗಸ್ಟಿನಲ್ಲಿ ಶಿಫಾರಸು ಮಾಡಿತ್ತು. ಅದು ಕಾನೂನಾಗಲಿಲ್ಲ.

ಈಗಿರುವ ಅಂಕುಶ ಎಷ್ಟು ಮೊಂಡು ಎಂಬುದನ್ನು ನಮ್ಮದೇ ಭಾಷೆಯ ಪ್ರಕರಣ ತೋರಿಸುತ್ತದೆ. 2020ರಲ್ಲಿ ಕೊರೊನಾ ಹರಡಿದ ಹೊಣೆಯನ್ನು ತಬ್ಲೀಗಿ ಜಮಾತಿನ ತಲೆಗೆ ಕಟ್ಟಿದ ಕಾರ್ಯಕ್ರಮಗಳಿಗಾಗಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸಿಗೆ 50 ಸಾವಿರ ರೂಪಾಯಿ ದಂಡ ಬಿತ್ತು. ದಂಡ ಹಾಕಿದ್ದು ವಾಹಿನಿಗಳು ತಾವೇ ಕಟ್ಟಿಕೊಂಡ ಸ್ವನಿಯಂತ್ರಣ ಮಂಡಳಿ, ಹಾಕಿದ್ದು 2021ರ ಜೂನಿನಲ್ಲಿ. ಅಷ್ಟರಲ್ಲಿ ವರ್ಷ ಕಳೆದಿತ್ತು. ತಳ್ಳುಗಾಡಿಯಲ್ಲಿ ತರಕಾರಿ ಮಾರುವ ಮುಸ್ಲಿಮರನ್ನು ಬೀದಿಗೆ ಬಿಡದೆ ವಾಪಸ್ ಕಳಿಸಿದ್ದೂ ಆಗಿಹೋಗಿತ್ತು.

ಆರೋಪ ಯಾವ ವೇಳೆಗೆ, ಎಷ್ಟು ಸಲ ಪ್ರಸಾರವಾಯಿತೋ ಸ್ಪಷ್ಟನೆಯೂ ಅದೇ ವೇಳೆಗೆ ಅಷ್ಟೇ ಸಲ ಬರಬೇಕು, ಅದೂ ವಾರಗಳೊಳಗೆ. ತನಿಖೆ ನಡೆಯುತ್ತಿರುವಾಗ ಸಾಕ್ಷ್ಯವನ್ನು ಕ್ಯಾಮೆರಾಕ್ಕೆ ಕೊಡುವ ಅಧಿಕಾರಿ ಅದಕ್ಕೆ ಉತ್ತರಿಸಬೇಕು. ಈ ಎರಡನ್ನಾದರೂ ಕಾನೂನು ಮಾಡದಿದ್ದರೆ, ಪುಣೆಯಲ್ಲಿ ಶುರುವಾದ ಈ ಪ್ರಕರಣದ ತೀರ್ಪು ಯಾವ ಕಡೆಗೇ ಬರಲಿ, ಅರ್ಧ ದೇಶ ಅದನ್ನು ನಂಬುವುದಿಲ್ಲ.