ಮೋಟಾರಿನ ಗಾಲಿಯೂ ಹತ್ತು ಮಿಲಿಮೀಟರಿನ ಲೆಕ್ಕವೂ

ಹತ್ತಾರು ವರ್ಷ ಹೊಟೇಲಿನ ಗಲ್ಲದ ಮುಂದೆ ಇಲ್ಲವೆ ಕಚೇರಿಯ ಮೇಜಿನ ಹಿಂದೆ ದುಡಿದು, ಕೂಡಿಟ್ಟ ಹಣದಲ್ಲಿ ಹಳೆಯ ಕಾರೊಂದನ್ನು ಕೊಂಡ ನಮ್ಮ ಬಂಧುಗಳು ಮುಂಬಯಿಯಲ್ಲಿಯೂ ಪುಣೆಯಲ್ಲಿಯೂ ಅನೇಕರಿದ್ದಾರೆ. ರಜೆ ದೊರೆತೊಡನೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಪನ್ವೇಲ್ ದಾಟಿ 66ನೆಯ ಹೆದ್ದಾರಿಯಲ್ಲಿ ಊರಿನ ಹಾದಿ ಹಿಡಿಯುವುದು ಅವರ ಪಾಲಿಗೆ ಹಬ್ಬವೇ ಸರಿ. ಈ ಪ್ರಯಾಣಕ್ಕೆ ಮೊದಲು ಕಾರಿಗೆ ಅಲಂಕಾರವಾಗಲೆಂದು ಅಗಲವಾದ ಗಾಲಿಗಳನ್ನು ಹಾಕಿಸುವ ಅಭ್ಯಾಸವೂ ತರುಣರಲ್ಲಿ ಬೆಳೆದಿದೆ. ಗಾಲಿ ಮಡ್ಗಾರ್ಡಿನಿಂದ ಹೊರಕ್ಕೆ ಚಾಚಿ ನಿಂತರೆ ಗತ್ತು ಬರುವುದೆಂದು ಅವರ ಭಾವನೆ. ಗತ್ತು ಬರಬಹುದು, ಅದರೊಡನೆ ಬರುವ ಅಪಾಯವನ್ನು ಅರಿತವರು ಕಡಮೆ. ಆದಕಾರಣ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಆಫ್‌ಸೆಟ್ ಎಂದರೇನು?

ಗಾಲಿಯ ಅಗಲದ ಸರಿಯಾದ ನಡುವೆ ಒಂದು ಗೆರೆ ಎಳೆದೆವೆಂದು ಭಾವಿಸೋಣ. ಗಾಲಿಯು ಹಬ್ಬಿಗೆ ತಗಲಿ ಕೂರುವ ಮುಖವು ಆ ಗೆರೆಯಿಂದ ಎಷ್ಟು ದೂರದಲ್ಲಿದೆಯೋ ಆ ಅಂತರವೇ ಆಫ್‌ಸೆಟ್. ಮುಖವು ಗೆರೆಗಿಂತ ಹೊರಬದಿಯಲ್ಲಿದ್ದರೆ ಅದು ಧನ, ಒಳಬದಿಯಲ್ಲಿದ್ದರೆ ಋಣ. ಮುಂಗಾಲಿಗಳನ್ನು ಎಂಜಿನು ಎಳೆಯುವ ಇಂದಿನ ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರಿನಷ್ಟು ಧನವಾಗಿರುತ್ತದೆ. ಗಾಲಿಯ ಮೇಲೆ ‘ಇಟಿ 45’ ಎಂಬಂಥ ಅಚ್ಚು ಇದ್ದರೆ ಅದು ಈ ಅಂತರವನ್ನೇ ಹೇಳುತ್ತದೆ. ‘ಇಟಿ’ ಎಂಬುದು ಐನ್‌ಪ್ರೆಸ್‌ಟೀಫೆ ಎಂಬ ಜರ್ಮನ್ ಪದದ ಸಂಕ್ಷೇಪ.

ಲೆಕ್ಕ ಬರೆಯುವ ನಮ್ಮ ಗುಮಾಸ್ತ ಮಿತ್ರರಿಗಾಗಿ ಒಂದು ಉದಾಹರಣೆ. 6 ಇಂಚು ಅಗಲದ, 45 ಆಫ್‌ಸೆಟ್ಟಿನ ಗಾಲಿಯನ್ನು ತೆಗೆದು 7 ಇಂಚು ಅಗಲದ, 35 ಆಫ್‌ಸೆಟ್ಟಿನ ಗಾಲಿಯನ್ನು ಹಾಕಿದರೆಂದು ಇಟ್ಟುಕೊಳ್ಳಿ. ಹೆಚ್ಚಿದ ಒಂದು ಇಂಚು ಎಂದರೆ 25.4 ಮಿಲಿಮೀಟರು, ಒಳಕ್ಕೂ ಹೊರಕ್ಕೂ ಹಂಚಿದರೆ ತಲಾ 12.7. ಇಳಿದ ಆಫ್‌ಸೆಟ್ ಇಡೀ ಗಾಲಿಯನ್ನು 10 ಮಿಲಿಮೀಟರು ಹೊರಕ್ಕೆ ತಳ್ಳುತ್ತದೆ. ಅಲ್ಲಿಗೆ ಹೊರ ಅಂಚು 22.7 ಮಿಲಿಮೀಟರು ಹೊರಬಂದಿತು. ಒಳ ಅಂಚು 2.7 ಮಿಲಿಮೀಟರು ಒಳಸೇರಿತು. ಐದು ಜನ ಕುಳಿತು, ಡಿಕ್ಕಿಯಲ್ಲಿ ಸಾಮಾನು ತುಂಬಿ, ಗುಂಡಿಗೆ ಇಳಿದಾಗ ಟೈರು ಮಡ್ಗಾರ್ಡಿಗೆ ಉಜ್ಜುವುದೋ ಇಲ್ಲವೋ ಎಂಬುದು ಈ ಲೆಕ್ಕದಲ್ಲಿದೆ.

ಅಪಾಯ ಎಲ್ಲಿದೆ?

ಉಜ್ಜುವುದಷ್ಟೇ ಆದರೆ ಚಿಂತೆಯಿರಲಿಲ್ಲ. ಗಾಲಿ ಹೊರಕ್ಕೆ ಸರಿದಷ್ಟೂ ಹಬ್ಬಿನ ಬೇರಿಂಗಿನ ಮೇಲೆ ಸನ್ನೆಕೋಲಿನಂತೆ ಭಾರ ಹೆಚ್ಚಿ, ಅದು ಬೇಗನೆ ಸವೆಯುತ್ತದೆ. ಇದಕ್ಕಿಂತ ಮುಖ್ಯವಾದುದು ಸ್ಟಿಯರಿಂಗಿನ ಸಂಗತಿ. ಮುಂಗಾಲಿ ಯಾವ ರೇಖೆಯ ಮೇಲೆ ಎಡಬಲಕ್ಕೆ ಹೊರಳುವುದೋ ಆ ರೇಖೆ ನೆಲವನ್ನು ಎಲ್ಲಿ ಮುಟ್ಟಬೇಕು, ಟೈರಿನ ನಡುಭಾಗ ಎಲ್ಲಿ ಮುಟ್ಟಬೇಕು ಎಂಬುದನ್ನು ತಯಾರಕರು ಎಣಿಸಿಯೇ ಇಟ್ಟಿರುತ್ತಾರೆ. ಮಳೆಗಾಲದಲ್ಲಿ ಒಂದು ಬದಿಯ ಗಾಲಿ ಕೆಸರಿನಲ್ಲಿಯೂ ಇನ್ನೊಂದು ಗಟ್ಟಿ ನೆಲದ ಮೇಲೂ ಇರುವಾಗ ಬ್ರೇಕು ಒತ್ತಿದರೆ, ಕಾರು ಒಂದೆಡೆಗೆ ಎಳೆಯದೆ ನೇರವಾಗಿ ನಿಲ್ಲಲು ಈ ಎಣಿಕೆ ಸಹಾಯಕವಾಗುತ್ತದೆ. ಗಾಲಿಯನ್ನು ಹೊರಕ್ಕೆ ಸರಿಸಿದವನು ಈ ಎಣಿಕೆಯನ್ನೇ ಕೆಡಿಸಿದಂತಾಯಿತು. ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡಂತೆ ಎಳೆದಾಗ ಮಾತ್ರ ಅವನಿಗೆ ಅದರ ಅರಿವಾಗುವುದು.

ಸುರಕ್ಷಿತ ಮಾರ್ಗ ಯಾವುದು?

ತಯಾರಕರ ಕೈಪಿಡಿಯಲ್ಲಿ ಹೇಳಿರುವ ಅಗಲ, ಆಫ್‌ಸೆಟ್, ಸ್ಟಡ್ಡುಗಳ ಅಂತರ, ನಡುರಂಧ್ರದ ಅಳತೆ, ಹೊರುವ ಭಾರ, ಇವೆಲ್ಲಕ್ಕೂ ಹೊಂದುವ ಗಾಲಿಯನ್ನೇ ಕೊಳ್ಳುವುದು ಮೊದಲನೆಯ ಮಾರ್ಗ, ಉತ್ತಮವಾದುದೂ ಅದೇ.

ಹೊಂದುವ ಗಾಲಿ ದೊರೆತರೂ ಆಫ್‌ಸೆಟ್ ತುಸು ಹೆಚ್ಚಾಗಿದ್ದರೆ, ಉದಾಹರಣೆಗೆ 45ರ ಬದಲು 50 ಇದ್ದರೆ, ನಡುವೆ 5 ಮಿಲಿಮೀಟರು ದಪ್ಪದ ಸ್ಪೇಸರ್ ಬಿಲ್ಲೆ ಇಟ್ಟು ಮೂಲದ ಅಳತೆಗೆ ತರಬಹುದು. ಆದರೆ ಬಿಲ್ಲೆಯ ದಪ್ಪದಷ್ಟೂ ಸ್ಟಡ್ಡಿನ ಮರೆ ನಷ್ಟವಾಗುತ್ತದೆ. ನಟ್ಟು ಹಿಡಿದಿರುವ ಮರೆಯ ಉದ್ದ ಸ್ಟಡ್ಡಿನ ದಪ್ಪಕ್ಕೆ ಕಡಮೆಯಾಗಕೂಡದು. 12 ಮಿಲಿಮೀಟರಿನ ಸ್ಟಡ್ಡಿಗೆ 1.5 ಮಿಲಿಮೀಟರಿನ ಮರೆಯಿದ್ದರೆ ನಟ್ಟು ಎಂಟು ಪೂರ್ಣ ಸುತ್ತು ಹಿಡಿಯಬೇಕು. ಅಷ್ಟು ಹಿಡಿಯದಿದ್ದರೆ ಉದ್ದದ ಸ್ಟಡ್ಡು ಹಾಕಿಸಬೇಕು. ಇಲ್ಲವೆ ಆ ಬಿಲ್ಲೆಯ ಆಸೆ ಬಿಡಬೇಕು. ಬಿಲ್ಲೆ ಹಬ್ಬಿನ ನಡುವಿಗೆ ಬಿಗಿಯಾಗಿ ಕೂರುವಂಥದಾಗಿರಲಿ. ನಟ್ಟುಗಳನ್ನು ಎದುರುಬದುರಾಗಿ, ಕೈಪಿಡಿ ಹೇಳಿದಷ್ಟು ಬಿಗಿದು, ಸುಮಾರು ನೂರು ಕಿಲೋಮೀಟರು ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿರಿ.

ಉಕ್ಕಿನ ಗಾಲಿಯ ನಡುತಟ್ಟೆಯನ್ನು ಕತ್ತರಿಸಿ, ಬೇರೆಡೆ ಸರಿಸಿ ವೆಲ್ಡಿಂಗ್ ಮಾಡುವ ಪದ್ಧತಿಯೂ ಉಂಟು. ಗಾಲಿಯನ್ನು ಅಲುಗದಂತೆ ಹಿಡಿಯುವ ಚೌಕಟ್ಟು, ವಕ್ರತೆಯನ್ನು ಅಳೆಯುವ ಡಯಲ್ ಗೇಜು, ನುರಿತ ಕೈ, ಈ ಮೂರೂ ಇರುವ ಕಾರ್ಖಾನೆಯ ಕೆಲಸವದು. ಬೀದಿಬದಿಯ ವೆಲ್ಡಿಂಗ್ ಅಂಗಡಿಯದಲ್ಲ. ಟೈರು ಇರುವ ಗಾಲಿಗೆ ಎಂದಿಗೂ ಬೆಂಕಿ ತಾಗಿಸಕೂಡದು. ಗಾಳಿ ಬಿಟ್ಟಿದ್ದರೂ ಒಳಗಿನ ರಬ್ಬರು ಕಾದು ಅನಿಲವೆದ್ದು ಸ್ಫೋಟವಾಗಬಹುದು. ಅಲಾಯ್ ಗಾಲಿಗಳನ್ನಂತೂ ಹೀಗೆ ವೆಲ್ಡಿಂಗ್ ಮಾಡಿಸಲೇಬಾರದು. ಹದಗೊಳಿಸಿದ ಲೋಹವು ಬೆಂಕಿಯಿಂದ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಹಬ್ಬಿಗೆ ಕೂರುವ ಮುಖವನ್ನು ಲೇತಿನಲ್ಲಿ ಕೆತ್ತಿಸುವುದೂ ಅತಿ ಹೆಚ್ಚು ಭಾರ ಹೊರುವ ಭಾಗವನ್ನೇ ತೆಳುಗೊಳಿಸಿದಂತೆ.

ಕಾಯಿದೆಯನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡನ್ನೂ ವಿಧಿಸಬಹುದು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲೂ ಇದು ಎಡೆಮಾಡಿಕೊಡುತ್ತದೆ.

ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಹಿರಿಯರ ಮಾತು ಕಾರಿನ ಗಾಲಿಗೂ ಸಲ್ಲುತ್ತದೆ. ಹೊಸ ಗಾಲಿ ಕೊಳ್ಳಹೊರಟ ಬಂಧುಗಳು ಕೈಪಿಡಿಯ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಲಿ. ಗಾಲಿಯ ಮೇಲಿನ ಅಚ್ಚನ್ನು ಕಣ್ಣಾರೆ ಓದಿ, ತಾಳೆ ನೋಡಿದ ಮೇಲೆಯೇ ಹಣ ಎಣಿಸಲಿ. ಊರಿನಲ್ಲಿ ತಾಯ್ತಂದೆಯರು ಜಗಲಿಯ ಮೇಲೆ ಕುಳಿತು ಕಾಯುತ್ತಿರುವುದು ಗಾಲಿಯ ಗತ್ತನ್ನು ನೋಡಲಿಕ್ಕಲ್ಲ, ಮಕ್ಕಳೂ ಮೊಮ್ಮಕ್ಕಳೂ ಸುಖವಾಗಿ ಬಂದು ಇಳಿಯುವುದನ್ನು ನೋಡಲಿಕ್ಕೆ.