‘ಡಿ’ ಡ್ರೈವ್‌ನಲ್ಲಿ ಇಟ್ಟರೆ ಸಾಲದು

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸ ನಡೆದಿದ್ದಾಗ ಹೊತ್ತಿಕೊಂಡ ಬೆಂಕಿ ಅದು. ನೂರಾರು ಸರ್ಕಾರಿ ಸೇವೆಗಳು ಒಮ್ಮೆಲೇ ನಿಂತುಹೋದವು. ಅವುಗಳಲ್ಲಿ ಹೆಚ್ಚಿನವನ್ನು ಕ್ರಮೇಣ ಮತ್ತೆ ನಡೆಸಲಾಯಿತು. ಸುಟ್ಟುಹೋದವುಗಳಲ್ಲಿ ಜಿ-ಡ್ರೈವ್ ಎಂಬ ವ್ಯವಸ್ಥೆಯೂ ಇತ್ತು. ಸರ್ಕಾರಿ ನೌಕರರಿಗೆ ಕೆಲಸದ ಫೈಲ್‌ಗಳನ್ನು ಇಟ್ಟುಕೊಳ್ಳಲು ತಲಾ 30 ಗಿಗಾಬೈಟ್ ಜಾಗ ಕೊಟ್ಟಿದ್ದ ಅದರಲ್ಲಿ ಒಟ್ಟು 858 ಟೆರಾಬೈಟ್ ದಾಖಲೆಗಳಿದ್ದವು. ಗಾತ್ರ ತೀರಾ ದೊಡ್ಡದೆಂಬ ಕಾರಣಕ್ಕೆ ಹೊರಗೆಲ್ಲೂ ಪ್ರತಿ ಇಟ್ಟಿರಲಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ಏನನ್ನೂ ಇಡಬಾರದು, ಎಲ್ಲವನ್ನೂ ಜಿ-ಡ್ರೈವ್‌ನಲ್ಲೇ ಇಡಬೇಕು ಎಂದು ನಿಯಮ ಮಾಡಿಕೊಂಡಿದ್ದ ಇಲಾಖೆಗೇ ಹೆಚ್ಚು ಪೆಟ್ಟು ಬಿತ್ತು.

ಇದಕ್ಕೆ ಕಾಲು ಶತಮಾನ ಮೊದಲು, 1998ರಲ್ಲಿ, ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿತ್ತು. ಯಾರೋ ತಪ್ಪು ಜಾಗದಲ್ಲಿ ಕೊಟ್ಟ ಒಂದು ಅಳಿಸುವ ಆದೇಶದಿಂದ ಚಿತ್ರದ ಫೈಲ್‌ಗಳು ಕಣ್ಣೆದುರೇ ಮಾಯವಾಗತೊಡಗಿದವು. ಬ್ಯಾಕಪ್ ವ್ಯವಸ್ಥೆ ಇತ್ತು, ಆದರೆ ಅದು ಸರಿಯಾಗಿ ನಡೆಯುತ್ತಿರಲಿಲ್ಲ. ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಎಳೆ ಮಗುವಿದ್ದ ಕಾರಣಕ್ಕೆ ಮನೆಯಿಂದಲೂ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿದಿತ್ತು. ಕಂಪ್ಯೂಟರಿಗೆ ಕಂಬಳಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ಕಚೇರಿಗೆ ತಂದರು. ಚಿತ್ರ 1999ರ ನವೆಂಬರಿನಲ್ಲಿ ತೆರೆಕಂಡಿತು.

ಕೊರಿಯಾದಲ್ಲಿ ಇಲ್ಲದ್ದು, ಸುಸ್ಮನ್ ಅವರ ಮನೆಯಲ್ಲಿ ಇದ್ದದ್ದು ಒಂದೇ: ಬೇರೆ ಜಾಗದಲ್ಲಿ, ತೆರೆದರೆ ತೆರೆಯುವ ಒಂದು ಪ್ರತಿ. ಯಾವ ಕಂಪನಿಯ ಡಿಸ್ಕ್ ಕೊಳ್ಳಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬ ಪ್ರಶ್ನೆಗಳೆಲ್ಲ ಅದರ ನಂತರದವು.

ನಮ್ಮ ಮನೆಗಳ ಕಂಪ್ಯೂಟರುಗಳಲ್ಲಿ ಇರುವುದು ಮದುವೆಯ ಫೋಟೊಗಳು, ತೀರಿಹೋದ ಅಪ್ಪನ ದನಿ ಇರುವ ವಿಡಿಯೊ, ಜಮೀನಿನ ಪಹಣಿಯ ಸ್ಕ್ಯಾನ್, ಮಗಳ ಪಿಎಚ್.ಡಿ. ಪ್ರಬಂಧದ ಕರಡು. ಪಹಣಿಯನ್ನು ಮತ್ತೆ ತೆಗೆಸಬಹುದು. ಡೌನ್‌ಲೋಡ್ ಮಾಡಿಟ್ಟ ಸಿನಿಮಾ ಹೋದರೂ ಸಿಗುತ್ತದೆ. ಅಪ್ಪನ ದನಿ ಮತ್ತೆ ಸಿಗುವುದಿಲ್ಲ. ಆದ್ದರಿಂದ ಮೊದಲು ಆಗಬೇಕಾದದ್ದು, ಮತ್ತೆ ಎಲ್ಲಿಂದಲೂ ಸಿಗದವನ್ನೆಲ್ಲ ಒಂದು ಫೋಲ್ಡರಿನೊಳಗೆ ಒಟ್ಟು ಮಾಡುವುದು. ಹೆಚ್ಚಿನ ಮನೆಗಳಲ್ಲಿ ಅದು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿರುತ್ತದೆ.

ಬ್ಯಾಕಪ್ ಇದೆಯಾ ಎಂದು ಕೇಳಿದರೆ ಬಹಳ ಮಂದಿ ‘ಡಿ ಡ್ರೈವ್‌ನಲ್ಲಿ ಹಾಕಿಟ್ಟಿದ್ದೇನೆ’ ಅನ್ನುತ್ತಾರೆ. ಈ ಉತ್ತರ ಸುಮ್ಮನೆ ಹುಟ್ಟಿದ್ದಲ್ಲ. ವಿಂಡೋಸ್ ಕೆಟ್ಟರೆ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸುವುದು ನಮ್ಮಲ್ಲಿ ರೂಢಿ. ಆಗ ಅಳಿಯುವುದು ಸಿ ಡ್ರೈವ್. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ. ಹೀಗೆ ಒಮ್ಮೆ ಕಳೆದುಕೊಂಡವರು ಮುಂದೆ ಎಲ್ಲವನ್ನೂ ಡಿಗೆ ಹಾಕತೊಡಗಿದರು. ಫಾರ್ಮ್ಯಾಟ್‌ನಿಂದ ಅದು ಕಾಪಾಡಿತು, ನಿಜ. ಆದರೆ ಸಿ, ಡಿ, ಇ ಎಂಬವು ಹೆಚ್ಚಿನ ಕಂಪ್ಯೂಟರುಗಳಲ್ಲಿ ಒಂದೇ ಡಿಸ್ಕಿನ ಭಾಗಗಳು. ಡಿಸ್ಕ್ ಸತ್ತ ದಿನ ಮೂರೂ ಒಟ್ಟಿಗೆ ಹೋಗುತ್ತವೆ. ಲ್ಯಾಪ್‌ಟಾಪ್ ಕಳವಾದ ದಿನವೂ ಅಷ್ಟೇ.

ಡಿಸ್ಕ್‌ಗಳು ಸಾಯುತ್ತವೆಯೇ? ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ತನ್ನಲ್ಲಿ ಓಡುವ ಲಕ್ಷಾಂತರ ಹಾರ್ಡ್ ಡಿಸ್ಕ್‌ಗಳ ಲೆಕ್ಕವನ್ನು ವರ್ಷಗಳಿಂದ ಪ್ರಕಟಿಸುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ವರ್ಷಕ್ಕೆ ನೂರರಲ್ಲಿ ಒಂದೆರಡು ಕೆಡುತ್ತಿವೆ. ಅದು ತಂಪಾದ ಕೋಣೆಯಲ್ಲಿ, ಕರೆಂಟ್ ಏರಿಳಿತವಿಲ್ಲದೆ, ಅಲುಗಾಡದೆ ಕೂತ ಡಿಸ್ಕ್‌ಗಳ ಲೆಕ್ಕ. ಬಸ್ಸಿನಲ್ಲಿ ಬ್ಯಾಗಿನೊಳಗೆ ಕುಲುಕುವ, ಕರೆಂಟ್ ಹೋಗಿ ಬಂದಾಗಲೆಲ್ಲ ಪೆಟ್ಟು ತಿನ್ನುವ ಡಿಸ್ಕ್‌ಗೆ ಅಷ್ಟು ಭಾಗ್ಯವಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಕೆಟ್ಟರೆ ಸದ್ದು ಮಾಡಿ, ನಿಧಾನವಾಗಿ ಒಂದಿಷ್ಟು ಮುನ್ಸೂಚನೆಯನ್ನಾದರೂ ಕೊಡುವುದುಂಟು. ಎಸ್‌ಎಸ್‌ಡಿ ಬಹಳ ಸಲ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಅದರಲ್ಲಿ ಅಳಿಸಿದ ಫೈಲನ್ನು ಮತ್ತೆ ಪಡೆಯುವುದೂ ಹೆಚ್ಚಾಗಿ ಆಗದ ಮಾತು. ವಿಂಡೋಸ್ 11 ಇರುವ ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇಡೀ ಡಿಸ್ಕ್ ತಾನಾಗಿಯೇ ಗೂಢಲಿಪಿಗೊಂಡಿರುತ್ತದೆ. ಅದರ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಆ ಖಾತೆಯ ಪಾಸ್‌ವರ್ಡ್ ಮರೆತವರಿಗೆ ಅಂಗಡಿಯವರು ಏನೂ ಮಾಡಲಾರರು. 48 ಅಂಕಿಗಳ ಆ ಕೀಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಡುವುದು ಒಳ್ಳೆಯದು.

‘ಹಾಗಾದರೆ ಎಲ್ಲವೂ ಕ್ಲೌಡ್‌ನಲ್ಲಿರಲಿ’ ಎಂಬುದು ಎರಡನೆಯ ಉತ್ತರ. ಇಲ್ಲೊಂದು ಗೊಂದಲವಿದೆ, ಅದರಿಂದ ನಷ್ಟವಾದವರು ಬಹಳ. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಮುಖ್ಯವಾಗಿ ಮಾಡುವುದು ಸಿಂಕ್. ಕಂಪ್ಯೂಟರಿನಲ್ಲಿ ಫೈಲ್ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಕೆಟ್ಟರೆ ಕೆಟ್ಟದ್ದೇ ಅಲ್ಲಿಗೆ ಹೋಗುತ್ತದೆ. ಅಳಿಸಿದ ಫೈಲ್ ಸಾಮಾನ್ಯವಾಗಿ 30 ದಿನ ಟ್ರ್ಯಾಶ್‌ನಲ್ಲಿ ಇದ್ದು ಆಮೇಲೆ ಪೂರ್ತಿ ಹೋಗುತ್ತದೆ. ಯುಗಾದಿಗೆ ಅಳಿಸಿಹೋದ ಫೋಲ್ಡರ್ ದಸರೆಗೆ ನೆನಪಾದರೆ ಸಿಗದು. ಗೂಗಲ್ ಉಚಿತವಾಗಿ ಕೊಡುವ 15 ಗಿಗಾಬೈಟ್ ಜಾಗದಲ್ಲಿ ಮೇಲ್, ಡ್ರೈವ್, ಫೋಟೊ ಮೂರೂ ಹಿಡಿಸಬೇಕು. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನೂ ಅದು 2023ರಲ್ಲಿ ಜಾರಿಗೆ ತಂದಿತು. ವಿದೇಶಕ್ಕೆ ಹೋದ ಮಗ ಅಮ್ಮನ ಹೆಸರಿನಲ್ಲಿ ತೆರೆದು ಮರೆತ ಖಾತೆಗಳಿಗೆ ಈ ನಿಯಮ ನೇರವಾಗಿ ತಾಗುತ್ತದೆ.

ಸಿಂಕನ್ನೇ ಬ್ಯಾಕಪ್ ಎಂದು ನಂಬುವುದು ಎಷ್ಟು ಅಪಾಯ ಎಂಬುದಕ್ಕೆ 2017ರ ಜೂನ್ ತಿಂಗಳ ಘಟನೆಯೊಂದಿದೆ. ಹಡಗು ಸಾಗಣೆಯ ದೈತ್ಯ ಸಂಸ್ಥೆ ಡೆನ್ಮಾರ್ಕ್‌ನ ಮೇರ್ಸ್ಕ್, ನಾಟ್‌ಪೆಟ್ಯಾ ಎಂಬ ವೈರಸ್ಸಿಗೆ ಸಿಕ್ಕಿತು. ಇಡೀ ಜಾಲದ ಬಳಕೆದಾರರ ವಿವರ ಇಟ್ಟುಕೊಂಡ ಸರ್ವರ್‌ಗಳು ಸಂಸ್ಥೆಗೆ ಜಗತ್ತಿನಾದ್ಯಂತ ಇದ್ದವು. ಪ್ರತಿಯೊಂದೂ ಉಳಿದವುಗಳ ಜೊತೆ ಸಿಂಕ್ ಆಗುತ್ತಿತ್ತು. ಒಂದು ಹೋದರೆ ಇನ್ನೊಂದು ಇದೆ ಎಂಬ ಧೈರ್ಯದಲ್ಲಿದ್ದರು. ಎಲ್ಲವೂ ಒಟ್ಟಿಗೆ ಅಳಿದವು. ಉಳಿದದ್ದು ಘಾನಾ ದೇಶದ ಕಚೇರಿಯ ಒಂದು ಸರ್ವರ್ ಮಾತ್ರ. ದಾಳಿಗೆ ಮುನ್ನ ಅಲ್ಲಿ ಕರೆಂಟ್ ಹೋಗಿ ಅದರ ಸಂಪರ್ಕ ತಪ್ಪಿತ್ತು. ಅದರ ಡಿಸ್ಕನ್ನು ವಿಮಾನದಲ್ಲಿ ಇಂಗ್ಲೆಂಡಿಗೆ ತರಿಸಿ, ಅದರಿಂದ ಜಾಲವನ್ನು ಮತ್ತೆ ಕಟ್ಟಿದರು.

ಮನೆಯವರಿಗೆ ಇದರಿಂದ ತಿಳಿಯಬೇಕಾದ ವಿಷಯ ಸರಳ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಹಗಲೂ ರಾತ್ರಿ ಕಂಪ್ಯೂಟರಿಗೆ ಸಿಕ್ಕಿಸಿ ಇಟ್ಟರೆ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಸಿಡಿಲು ಬಡಿದರೆ ಎರಡೂ ಸುಡಬಹುದು. ಪ್ರತಿ ಮಾಡಿದ ಕೂಡಲೇ ಕೇಬಲ್ ಬಿಚ್ಚಿ ತೆಗೆದಿಡಬೇಕು. ಬಿಚ್ಚಿಟ್ಟ ಡಿಸ್ಕನ್ನು ಯಾವ ವೈರಸ್ಸೂ ಮುಟ್ಟಲಾರದು.

ಛಾಯಾಗ್ರಾಹಕ ಪೀಟರ್ ಕ್ರೋಗ್ ಡಿಜಿಟಲ್ ಫೋಟೊಗಳನ್ನು ಕಾಪಾಡುವ ಬಗ್ಗೆ ಬರೆಯುತ್ತ ಪ್ರಚಾರಕ್ಕೆ ತಂದ 3-2-1 ಸೂತ್ರ ಇಂದಿಗೂ ಎಲ್ಲರೂ ಒಪ್ಪುವಂಥದ್ದು. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಪ್ರತಿ ಮನೆಯಿಂದ ಹೊರಗೆ. ಕನ್ನಡಿಗರಿಗೆ ಈ ಆಲೋಚನೆ ಹೊಸದೂ ಅಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ‘ಶಾಂತಿಪುರಾಣ’ ಇಂದು ನಮ್ಮ ಕೈಯಲ್ಲಿದೆ. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ದೊರೆತಿಲ್ಲ.

ಸಾಮಾನ್ಯ ಮನೆಗೆ ನನ್ನ ಆಯ್ಕೆ ಇದು. ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಬೇರೆ ಬೇರೆ ಕಂಪನಿಯವು. ಒಂದು ಮನೆಯಲ್ಲಿ, ಇನ್ನೊಂದು ಅಣ್ಣನ ಮನೆಯಲ್ಲೋ ಊರಿನಲ್ಲೋ. ಹಬ್ಬಕ್ಕೆ ಹೋದಾಗ ಅದಲು ಬದಲು ಮಾಡಿಕೊಳ್ಳಿ. ಮತ್ತೆ ಸಿಗದ ಚಿಕ್ಕ ಫೋಲ್ಡರನ್ನು ಮಾತ್ರ ಕ್ಲೌಡ್‌ಗೂ ಏರಿಸಿ. ಎಲ್ಲವನ್ನೂ ಏರಿಸುತ್ತೇನೆಂದು ಹೊರಟರೆ, 40 ಎಂಬಿಪಿಎಸ್ ಸಂಪರ್ಕದಲ್ಲಿ 500 ಗಿಗಾಬೈಟ್ ಹೋಗಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಯುಎಸ್‌ಬಿ 3 ಡಿಸ್ಕ್‌ಗೆ ಅಷ್ಟನ್ನು ಕೆಲವು ಗಂಟೆಗಳಲ್ಲಿ ಹಾಕಬಹುದು. ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಾಗಿಲ್ಲ. ಮ್ಯಾಕ್‌ನಲ್ಲಿ 2007ರಿಂದ ಟೈಮ್ ಮಷಿನ್ ಇದೆ, ವಿಂಡೋಸ್‌ನಲ್ಲಿ 2012ರಿಂದ ಫೈಲ್ ಹಿಸ್ಟರಿ ಇದೆ. ಎರಡೂ ಫೈಲ್‌ನ ಹಳೆಯ ರೂಪಗಳನ್ನೂ ಇಟ್ಟುಕೊಳ್ಳುತ್ತವೆ. ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಗೊತ್ತಿಲ್ಲದೆ ಅಳಿಸಿ ಸೇವ್ ಮಾಡಿದರೆ, ಕಳೆದ ವಾರದ ಪ್ರತಿಯಿಂದ ಅದನ್ನು ತೆಗೆದುಕೊಳ್ಳಬಹುದು.

ಪೆನ್‌ಡ್ರೈವ್ ಒಯ್ಯಲಿಕ್ಕೆ ಒಳ್ಳೆಯದು, ಕಾಪಾಡಲಿಕ್ಕಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿರುತ್ತದೆ. ಸ್ಟುಡಿಯೊದವರು ಕೊಟ್ಟ ಮದುವೆಯ ಸಿ.ಡಿ., ಡಿ.ವಿ.ಡಿ.ಗಳಿಗೆ ಮಲೆನಾಡಿನ, ಕರಾವಳಿಯ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಅವನ್ನು ಓದುವ ಡ್ರೈವ್ ಹೆಚ್ಚಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ. ಅವನ್ನು ಈಗಲೇ ಡಿಸ್ಕ್‌ಗೆ ಇಳಿಸಿಕೊಳ್ಳಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಅಪಾಯವಿದೆ, ಇದನ್ನು ಬ್ಯಾಕಪ್ ಬಗೆಗಿನ ಇಂಗ್ಲಿಷ್ ಪುಸ್ತಕಗಳು ಹೇಳುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತಾದರೂ, ಅದು ಬಳಕೆಗೆ ಬರುವವರೆಗೆ, ಬಂದ ಮೇಲೂ, ನಾವು ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಬರೆದೆವು. ಆ ಫೈಲ್‌ನೊಳಗೆ ಇರುವುದು ಕನ್ನಡ ಅಕ್ಷರಗಳ ಸಂಕೇತವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಡೀ ಕಾದಂಬರಿ ಅರ್ಥವಿಲ್ಲದ ಗುರುತುಗಳ ರಾಶಿ. ಫೈಲ್ ಕಾಪಾಡಿದ್ದೀರಿ, ಬರವಣಿಗೆಯನ್ನು ಕಾಪಾಡಿಲ್ಲ. ಎಷ್ಟೋ ಲೇಖಕರ, ಅಧ್ಯಾಪಕರ, ಜಿಲ್ಲಾ ಪತ್ರಿಕೆಗಳ ಇಪ್ಪತ್ತು ಮೂವತ್ತು ವರ್ಷಗಳ ಬರಹ ಈ ಸ್ಥಿತಿಯಲ್ಲಿದೆ ಎಂಬುದು ನನಗೆ ತೀರಾ ಕಳವಳದ ಸಂಗತಿ. ಹಳೆಯ ಫೈಲ್‌ಗಳ ಜೊತೆ ಆ ಫಾಂಟ್ ಫೈಲ್‌ಗಳನ್ನೂ ಅದೇ ಫೋಲ್ಡರಿನಲ್ಲಿ ಇಡಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಯೂನಿಕೋಡ್‌ಗೆ ಬದಲಿಸಿ ಇನ್ನೊಂದು ಪ್ರತಿ ಮಾಡಿ. ಒತ್ತಕ್ಷರ, ಅರ್ಕಾವತ್ತು ಎಡವುವುದುಂಟು, ಒಮ್ಮೆ ಓದಿ ತಿದ್ದಬೇಕು. ಕೊನೆಗೆ ಫಾಂಟ್ ಒಳಗೊಂಡ ಪಿಡಿಎಫ್ ಮಾಡಿಟ್ಟರೆ ಪುಟದ ರೂಪವೂ ಉಳಿಯುತ್ತದೆ.

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ, ಬಹುತೇಕರು ಮಾಡದಿರುವುದು ಅದನ್ನೇ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಸಂಸ್ಥೆಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ದತ್ತಾಂಶ ಅಳಿಸಿದರು. ಸಂಸ್ಥೆಯಲ್ಲಿ ಬ್ಯಾಕಪ್ಪಿಗೆಂದು ಐದು ವ್ಯವಸ್ಥೆಗಳಿದ್ದವು. ನೋಡಿದರೆ ಯಾವುದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿ ಅವರನ್ನು ಉಳಿಸಿತು. ಆ ಸಂಸ್ಥೆ ಇದೆಲ್ಲವನ್ನೂ ಮುಚ್ಚಿಡದೆ ಲೋಕಕ್ಕೆ ತಿಳಿಸಿದ್ದು ದೊಡ್ಡ ಉಪಕಾರ.

ನಿಮ್ಮ ಮನೆಯಲ್ಲಿ ಬ್ಯಾಕಪ್ ಡಿಸ್ಕ್ ಇದ್ದರೆ ಈ ಭಾನುವಾರ ಅದನ್ನು ಬೇರೆಯವರ ಕಂಪ್ಯೂಟರಿಗೆ ಸಿಕ್ಕಿಸಿ. ಒಂದು ಫೋಟೊ, ಒಂದು ವಿಡಿಯೊ, ಒಂದು ಹಳೆಯ ಕನ್ನಡ ಫೈಲ್ ತೆರೆದು ನೋಡಿ. ಮೂರೂ ತೆರೆದರೆ ಮುಂದಿನ ಆರು ತಿಂಗಳಿಗೆ ನೆಮ್ಮದಿ. ತೆರೆಯದಿದ್ದರೆ ಮೂಲ ಫೈಲ್‌ಗಳು ಇನ್ನೂ ಇರುವಾಗಲೇ ಹೊಸ ಪ್ರತಿ ಮಾಡಿಕೊಳ್ಳಿ.